ಆರ್ಟಿಕಲ್‌ಶಿಪ್ ಮೆಂಟರ್: ಶುಕ್ರವಾರದೊಳಗೆ ಹೆಸರು ಕೊಡಿ

ಎಲ್ರಿಗೂ ನಮಸ್ಕಾರ 🙏 ಸಿಎ ಆರ್ಟಿಕಲ್‌ಶಿಪ್‌ಗೆ (ಸಿಎ ಓದೋರು ಮಾಡ್ಲೇಬೇಕಾದ ಟ್ರೈನಿಂಗ್) ಈಗಷ್ಟೇ ಸೇರಿರೋರು, ಮೊದಲ ವರ್ಷದಲ್ಲಿರೋರು ಪೂರ್ತಿ ಓದಿ, ಉಳಿದೋರು ಸ್ಕಿಪ್ ಮಾಡ್ಬಹುದು.

ನಮ್ಮ ಗುಂಪಿನ ಕೆಲವು ಕ್ವಾಲಿಫೈಡ್ ಸೀನಿಯರ್ಸ್ ಒಬ್ಬೊಬ್ಬ ಜೂನಿಯರ್‌ಗೆ ಮೆಂಟರ್ ಆಗೋಕೆ ಒಪ್ಪಿದಾರೆ. ಮೊದ್ಲು 3 ವರ್ಷ ಇದ್ದ ಟ್ರೈನಿಂಗ್ ಈಗ 2 ವರ್ಷ ಆಗಿದೆ, ಅದ್ರಲ್ಲೂ ಬರೀ ವೋಚರ್ ಟಿಕ್ ಹಾಕ್ತಾ ಕೂತ್ರೆ ಆಡಿಟ್ ಕಲಿಯೋದ್ಯಾವಾಗ, ಜೊತೆಗೆ ಪ್ರಾಕ್ಟೀಸ್ ಮಾಡ್ಲಾ ಇಂಡಸ್ಟ್ರಿಗೆ ಹೋಗ್ಲಾ ಅನ್ನೋದನ್ನೆಲ್ಲ ನಮ್ಮ ಪ್ರಿನ್ಸಿಪಾಲ್ (ಯಾರ ಕೈಕೆಳಗೆ ಟ್ರೈನಿಂಗ್ ಮಾಡ್ತೀವೋ ಆ ಸಿಎ) ಹತ್ರಾನೇ ಕೇಳೋಕೆ ಮುಜುಗರ, ಅದಕ್ಕೇ ಆಫೀಸಿನ ಹೊರಗಿನೋರು ಒಬ್ರು ಬೇಕು.

ಮಾಡ್ಬೇಕಾದ್ದು ಇಷ್ಟೇ: ಹೆಸರು, ಊರು, ಈಗ ಮಾಡ್ತಿರೋ ಕೆಲಸ (ಜಿಎಸ್‌ಟಿ, ಆಡಿಟ್, ಇನ್‌ಕಮ್ ಟ್ಯಾಕ್ಸ್), ಜೊತೆಗೆ ಒಂದು ಸ್ಪಷ್ಟ ಪ್ರಶ್ನೆ, ಶುಕ್ರವಾರ ರಾತ್ರಿಯೊಳಗೆ ನಂಗೆ ಪರ್ಸನಲ್ ಆಗಿ ಕಳ್ಸಿ. "ಗೈಡ್ ಮಾಡಿ ಸರ್" ಅಂತಷ್ಟೇ ಹಾಕ್ಬೇಡಿ, ಅದಕ್ಕೆ ಯಾರು ಏನಂತ ಉತ್ತರ ಕೊಡ್ತಾರೆ 😅

ಕಾಲ್ ತಿಂಗಳಿಗೊಂದು, ಅರ್ಧ ಗಂಟೆ. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅನ್ನೋ ಜಿಎಸ್‌ಟಿ ರಿಟರ್ನ್ ಹಾಕೋ ಕೊನೆ ದಿನ ಇರತ್ತೆ, ಆ ತಾರೀಖುಗಳ ಆಸುಪಾಸು ಸೀನಿಯರ್ಸ್‌ಗೆ ಫೋನ್ ಬೇಡ, ಸೆಪ್ಟೆಂಬರ್ ಅಂತೂ ಟ್ಯಾಕ್ಸ್ ಆಡಿಟ್ ಗಲಾಟೆ, ಮರೆತೇಬಿಡಿ. ಕ್ಲೈಂಟ್ ಹೆಸರು, ಫೈಲ್, ಸ್ಕ್ರೀನ್‌ಶಾಟ್ ಮೆಂಟರ್‌ಗೂ ಕಳ್ಸೋ ಹಾಗಿಲ್ಲ, ಇದ್ರಲ್ಲಿ ಮಾತೇ ಇಲ್ಲ. ಮೊದಲ ಕಾಲ್‌ನಲ್ಲೇ ರೆಸ್ಯೂಮ್ ಕೊಟ್ಟು ಕೆಲಸ ಕೇಳೋದೂ ಬೇಡ.

ಇನ್ನೂ ಇಬ್ರು ಮೆಂಟರ್ ಬೇಕು, ಹುಬ್ಬಳ್ಳಿ ಮಂಗಳೂರು ಕಡೆಯೋರಾದ್ರೆ ಒಳ್ಳೇದು, ಆಗತ್ತೆ ಅನ್ನೋರು 👍 ಹಾಕಿ. ಶುಕ್ರವಾರದವರೆಗೆ ಗುಡ್ ಮಾರ್ನಿಂಗ್ ಫಾರ್ವರ್ಡ್ ಸ್ವಲ್ಪ ನಿಲ್ಸಿ ಪ್ಲೀಸ್, ಮೆಸೇಜ್ ಮೇಲೆ ಹೋಗ್ಬಿಡತ್ತೆ.