ಚಿತ್ರ ತೂಗುವ ಮುನ್ನ ಕೋಣೆಯ ಲೆಕ್ಕ ಆಗಲಿ

ಮಾನ್ಯ ಸಂಪಾದಕರಿಗೆ,

ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಅವರು ಕಲಾಶಾಲೆಗಳನ್ನು ಕಟ್ಟಿ ತಲೆಮಾರುಗಳನ್ನು ತಿದ್ದಿದರು. ಇವರ ಮತ್ತು ಇವರ ಶಿಷ್ಯರ ಕೃತಿಗಳನ್ನು ಒಂದೇ ಸೂರಿನಡಿ ನೋಡುವಂತಹ ದೊಡ್ಡ ಪ್ರದರ್ಶನ ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲಿ ನಡೆಯಬೇಕೆಂಬುದು ನನ್ನಂಥವರ ಆಸೆ. ಆದರೆ ಅದಕ್ಕೆ ಹಣ ಒದಗಿದರೆ, ವೇದಿಕೆ ಮತ್ತು ಶಾಮಿಯಾನಕ್ಕಿಂತ ಮೊದಲು ಚಿತ್ರ ತೂಗುವ ಕೋಣೆಯ ವಿನ್ಯಾಸಕ್ಕೆ ಖರ್ಚಾಗಲಿ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಸಭಾಭವನವೊಂದರಲ್ಲಿ ಹಳೆಯ ಜಲವರ್ಣ ಚಿತ್ರವೊಂದರ ಮುಂದೆ ನಿಂತಿದ್ದೆ. ಚೌಕಟ್ಟಿನ ಗಾಜಿನ ತುಂಬ ಎದುರು ಗೋಡೆಯ ಟ್ಯೂಬ್‌ಲೈಟು, ನನ್ನ ಕನ್ನಡಕ. ಕೊನೆಗೆ ಕೊಡೆ ಬಿಚ್ಚಿ ಮರೆ ಹಿಡಿದಾಗಲೇ ಚಿತ್ರದೊಳಗಿನ ಕೆರೆ ಕಂಡಿತು. ಅಷ್ಟರಲ್ಲಿ ಮಳೆ ಹೊಳವಾಗಿ ಕಿಟಕಿಯ ಬಿಸಿಲು ನೇರವಾಗಿ ಅದರ ಮೇಲೆ ಬಿತ್ತು.

ಕಾಗದದ ಮೇಲಿನ ಜಲವರ್ಣಕ್ಕೆ ಸುಮಾರು 50 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ), ತೈಲವರ್ಣಕ್ಕೆ ಸುಮಾರು 200 ಲಕ್ಸ್ ಬೆಳಕು ಸಾಕೆಂಬುದು ವಸ್ತುಸಂಗ್ರಹಾಲಯಗಳು ಬಹುಕಾಲದಿಂದ ಪಾಲಿಸುತ್ತ ಬಂದ ಮಿತಿ. ನೇರ ಬಿಸಿಲು ಹತ್ತಾರು ಸಾವಿರ ಲಕ್ಸ್ ದಾಟುತ್ತದೆ, ಮತ್ತು ಒಮ್ಮೆ ಮಾಸಿದ ಬಣ್ಣ ಮರಳಿ ಬರುವುದಿಲ್ಲ. ಆದ್ದರಿಂದ ಜಲವರ್ಣಗಳಿಗೆ ಕಿಟಕಿಯಿಲ್ಲದ ಒಳಕೋಣೆಯನ್ನು ಮೀಸಲಿಟ್ಟು, ಅದಕ್ಕೆ ಮೊದಲು ಸ್ವಲ್ಪ ಮಬ್ಬಾದ ಓಣಿಯಂತಹ ದಾರಿ ಮಾಡಿದರೆ, ಹೊರಗಿನ ಬೆಳಕಿನಿಂದ ಬಂದವರ ಕಣ್ಣು ಹೊಂದಿಕೊಳ್ಳುತ್ತದೆ. ಕಡಿಮೆ ಬೆಳಕೆಂದು ಯಾರೂ ಗೊಣಗುವುದಿಲ್ಲ. ದೀಪಗಳನ್ನು ಮೇಲಿನಿಂದ, ಲಂಬರೇಖೆಗೆ ಸುಮಾರು 30 ಡಿಗ್ರಿ ಓರೆಯಾಗಿ ಬಿಟ್ಟರೆ ಗಾಜಿನ ಪ್ರತಿಫಲನ ನೋಡುವವರ ಕಣ್ಣಿಗೆ ಹೊಡೆಯದು.

ಇನ್ನು ಧಾರವಾಡದ ಜಿಟಿಜಿಟಿ ಮಳೆ. ಗಾಳಿಯ ತೇವ ಏರಿಳಿದಂತೆ ಕ್ಯಾನ್ವಾಸು ಸಡಿಲಾಗಿ ಬಿಗಿಯಾಗಿ, ಮೇಲಿನ ಬಣ್ಣದ ಪದರ ಬಿರಿಯುತ್ತದೆ. ಹಗಲು ಎ.ಸಿ. ಹಾಕಿ ರಾತ್ರಿ ಆರಿಸುವುದರಿಂದ ಈ ಏರಿಳಿತ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಮಳೆಗೆ ನೆನೆಯುವ ಹೊರಗೋಡೆಯನ್ನು ಬಿಟ್ಟು, ಅದರಿಂದ ದೂರ ನಿಲ್ಲಿಸಿದ ಪ್ಲೈವುಡ್ ಗೋಡೆಗಳಿಗೆ ಚಿತ್ರ ತೂಗುವುದು ಕ್ಷೇಮ. ಉದ್ಘಾಟನೆಯ ಹಿಂದಿನ ರಾತ್ರಿ ಗೋಡೆಗೆ ಬಣ್ಣ ಬಳಿಯುವ ನಮ್ಮ ರೂಢಿಯನ್ನಂತೂ ಈ ಒಂದು ಸಲವಾದರೂ ಕೈಬಿಡಬೇಕು.

ಚಿತ್ರದ ಮಧ್ಯಭಾಗ ನೆಲದಿಂದ 150 ಸೆಂಟಿಮೀಟರ್ ಆಸುಪಾಸಿನಲ್ಲಿರಲಿ. ವಿವರಫಲಕ ಬಗ್ಗದೆ ಓದುವಷ್ಟು ದಪ್ಪಕ್ಷರದಲ್ಲಿ, ಮೊದಲು ಕನ್ನಡದಲ್ಲಿರಲಿ. ಟೆಂಡರ್ ಕರೆಯುವ ಮೊದಲೇ ಸಂರಕ್ಷಣಾ ತಜ್ಞರೊಬ್ಬರನ್ನೂ ಲಕ್ಸ್ ಮೀಟರನ್ನೂ ಆ ಕೋಣೆಯೊಳಗೆ ಕರೆದೊಯ್ಯಬೇಕೆಂದು ಸಂಬಂಧಪಟ್ಟವರಲ್ಲಿ ನನ್ನ ವಿನಂತಿ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಧಾರವಾಡ