ಏಳನೇ ದಿನಕ್ಕೆ ಐಸಿಯು ಮುಗಿಯುವುದಿಲ್ಲ

ಮಾನ್ಯ ಸಂಪಾದಕರೇ,

ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ 5ರಿಂದ ಜಾರಿಯಲ್ಲಿದೆ. ಒಬ್ಬರಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ, ಅಪಘಾತವಾದ ದಿನದಿಂದ 7 ದಿನದವರೆಗೆ. ನಾನು ಹದಿನಾಲ್ಕು ವರ್ಷದಿಂದ ಟ್ರಾಮಾ ಐಸಿಯುನಲ್ಲಿ, ಅಂದರೆ ತೀವ್ರವಾಗಿ ಗಾಯಗೊಂಡವರ ಐಸಿಯುನಲ್ಲಿ ನರ್ಸ್. ಈ ಯೋಜನೆ ಬಂದದ್ದು ನನಗೆ ನಿಜವಾಗಿ ಖುಷಿ ಕೊಟ್ಟಿದೆ. ಆದರೆ ಆ 7 ಅನ್ನುವ ಅಂಕಿ ನನ್ನ ನಿದ್ದೆ ಕೆಡಿಸಿದೆ. ಅದಕ್ಕೇ ಈ ಪತ್ರ.

ಕಳೆದ ವರ್ಷ ಒಬ್ಬ ಹುಡುಗ ಬಂದ. ವಯಸ್ಸು ಇಪ್ಪತ್ತಾರು. ರಾತ್ರಿ ಬೈಕಿನಲ್ಲಿ ಹೋಗುವಾಗ, ಹಿಂದೆ ರಿಫ್ಲೆಕ್ಟರ್ ಇಲ್ಲದೆ ರಸ್ತೆ ಬದಿ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರ್‌ಗೆ ಗುದ್ದಿದ್ದ. ಸೊಂಟದ ಮೂಳೆ ಮುರಿದಿತ್ತು, ಹೊಟ್ಟೆಯೊಳಗಿನ ಗುಲ್ಮ (ಸ್ಪ್ಲೀನ್) ಒಡೆದಿತ್ತು, ಪಕ್ಕೆಲುಬು ನಾಲ್ಕು ಹೋಗಿದ್ದವು. ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿದಿತ್ತು. ಮೈ ಮುಟ್ಟಿದರೆ ಮಳೆಯಲ್ಲಿ ನೆನೆದ ಕಲ್ಲು ಮುಟ್ಟಿದ ಹಾಗೆ ತಣ್ಣಗಿತ್ತು.

ಈ ತಣ್ಣಗಾಗುವುದು ಸಣ್ಣ ವಿಷಯ ಅಲ್ಲ. ರಕ್ತ ಜಾಸ್ತಿ ಹೋದಾಗ ಮೈ ತಣ್ಣಗಾಗುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ, ರಕ್ತ ಹೆಪ್ಪುಗಟ್ಟುವುದನ್ನೇ ಬಿಟ್ಟುಬಿಡುತ್ತದೆ. ಆಗ ಇನ್ನಷ್ಟು ಸೋರುತ್ತದೆ, ಇನ್ನಷ್ಟು ತಣ್ಣಗಾಗುತ್ತದೆ. ಆ ಸುಳಿಯೊಳಗೆ ಸಿಕ್ಕವರನ್ನು ಎಳೆದು ತರುವುದು ಬಹಳ ಕಷ್ಟ. ಅದಕ್ಕೇ ಈಗ ಸರ್ಜನ್‌ಗಳು ಮೊದಲ ರಾತ್ರಿಯೇ ಎಲ್ಲವನ್ನೂ ರಿಪೇರಿ ಮಾಡಲು ಹೋಗುವುದಿಲ್ಲ. ಸೋರುವುದನ್ನು ನಿಲ್ಲಿಸಿ, ಹೊಟ್ಟೆಯೊಳಗೆ ಬಟ್ಟೆ ಒತ್ತಿ, ಬೇಗ ಐಸಿಯುಗೆ ಕಳಿಸುತ್ತಾರೆ. ನಾವು ಬೆಚ್ಚಗೆ ಮಾಡಿ, ಕೆಂಪು ರಕ್ತದ ಜೊತೆಗೇ ಪ್ಲಾಸ್ಮಾ, ಪ್ಲೇಟ್‌ಲೆಟ್ ಕೊಟ್ಟು ಹದಕ್ಕೆ ತರುತ್ತೇವೆ. ಒಂದೆರಡು ದಿನ ಬಿಟ್ಟು ಮತ್ತೆ ಹೊಟ್ಟೆ ತೆರೆಯುತ್ತಾರೆ. ರಕ್ತ ಸೋರುವುದನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಅಗ್ಗದ ಇಂಜೆಕ್ಷನ್ ಕೂಡ ಇದೆ. 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನದಲ್ಲಿ ಅದು ಜೀವ ಉಳಿಸುತ್ತದೆ ಎಂದು ಗೊತ್ತಾಯಿತು. ಗಾಯವಾದ ಮೂರು ಗಂಟೆಯೊಳಗೆ ಕೊಡಬೇಕು ಅಷ್ಟೇ. ತಡವಾದರೆ ಉಪಯೋಗವಿಲ್ಲ, ತೊಂದರೆಯೇ ಆಗಬಹುದು. ನಾನು ಕೆಲಸಕ್ಕೆ ಸೇರಿದಾಗ ಮೊದಲ ರಾತ್ರಿಯೇ ಕೈತಪ್ಪಿ ಹೋಗುತ್ತಿದ್ದಂಥವರು ಈಗ ಬೆಳಗು ಕಾಣುತ್ತಿದ್ದಾರೆ.

ಈ ಹುಡುಗನೂ ಕಂಡ. ಮೂರನೇ ದಿನ ಬಿ.ಪಿ. ಹದಕ್ಕೆ ಬಂತು. ಅಣ್ಣ ಬಾಗಿಲಲ್ಲೇ ಕೈ ಮುಗಿದು, ‘ಗಂಡಾಂತರ ಕಳೀತು ಅಲ್ವಾ ಸಿಸ್ಟರ್’ ಅಂದರು. ನಾನು ಹೂಂ ಅನ್ನಲಿಲ್ಲ. ಮುಂದೇನು ಬರಬಹುದು ಅಂತ ನಮಗೆ ಗೊತ್ತಿರುತ್ತದೆ. ಟ್ರಾಮಾ ಸಾವುಗಳು ಮೂರು ಗುಂಪಾಗಿ ಬರುತ್ತವೆ ಎಂದು ಅಮೆರಿಕದ ಸರ್ಜನ್ ಡೊನಾಲ್ಡ್ ಟ್ರಂಕಿ 1983ರಲ್ಲೇ ಬರೆದಿದ್ದರು. ಕೆಲವರು ಅಪಘಾತದ ಜಾಗದಲ್ಲೇ, ಕೆಲವರು ಮೊದಲ ಕೆಲವು ಗಂಟೆಗಳಲ್ಲಿ, ಇನ್ನು ಕೆಲವರು ದಿನಗಳು, ವಾರಗಳು ಕಳೆದ ಮೇಲೆ. ಆ ಮೂರನೇ ಗುಂಪು ಸಾಯುವುದು ಗಾಯದಿಂದಲ್ಲ. ಸೋಂಕು ರಕ್ತಕ್ಕೆ ಇಳಿದು, ಶ್ವಾಸಕೋಶ, ಕಿಡ್ನಿ ಒಂದೊಂದಾಗಿ ಸೋತು ಸಾಯುತ್ತಾರೆ.

ಆರನೇ ದಿನ ಜ್ವರ ಬಂತು. ಸಕ್ಷನ್ ಮಾಡಿ ಎಳೆದಾಗ ಬಂದ ಕಫ ಹಳದಿಯಾಗಿತ್ತು. ಆಕ್ಸಿಜನ್ ಇಳಿಯತೊಡಗಿತು. ವೆಂಟಿಲೇಟರ್‌ಗಾಗಿ ಬಾಯಿಯಿಂದ ಹಾಕಿದ್ದ ಟ್ಯೂಬ್ ತೆಗೆದು ಗಂಟಲಲ್ಲಿ ತೂತು ಮಾಡಿ ಟ್ರಕಿಯಾಸ್ಟಮಿ ಮಾಡಬೇಕು ಎಂದು ಡಾಕ್ಟರು ನಿರ್ಧರಿಸಿದರು. ಇಂಥ ರೋಗಿಗಳಿಗೆ ಸಾಮಾನ್ಯವಾಗಿ ಅದು ಬೇಕಾಗುವುದೇ ಒಂದು ವಾರ, ಹತ್ತು ದಿನದ ಹೊತ್ತಿಗೆ. ಅವನಿಗೆ ಎಂಟನೇ ದಿನ ಆಯಿತು. ಅದರ ಹಿಂದಿನ ಸಂಜೆಗೇ ಯೋಜನೆಯ ದಿನಗಳು ಮುಗಿದಿದ್ದವು. ಅಣ್ಣ ಕೈಯಲ್ಲಿ ಬಿಲ್ಲಿಂಗ್ ಕೌಂಟರಿನ ಚೀಟಿ ಹಿಡಿದು, ‘ಇವತ್ತಿಗೆ ಮುಗೀತಂತೆ. ಇನ್ನೇನು ಮಾಡೋದು?’ ಅಂದರು.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ದರದ ಶೇ 30 ಮಾತ್ರ. ಅವರದು ಎಪಿಎಲ್ ಕಾರ್ಡು. ಒಂದೂವರೆ ಎಕರೆ ಜಮೀನು, ಎರಡು ಹಸು. ಇದ್ದ ಎರಡೂ ಹಸು ಮಾರಿದರು.

ಪಕ್ಕದ ಬೆಡ್ಡಿನ ಹುಡುಗನ ಮನೆಯಲ್ಲಿ ಮಾರಲು ಏನೂ ಇರಲಿಲ್ಲ. ಕಾರ್ಡಿನ ತಿದ್ದುಪಡಿಗೆ ಅರ್ಜಿ ಹಾಕಿದ್ದರಂತೆ, ಅದಿನ್ನೂ ಬಂದಿರಲಿಲ್ಲ. ಒಂಬತ್ತನೇ ದಿನ ಡಾಮಾ ಪೇಪರಿಗೆ ಸಹಿ ಮಾಡಿದರು. ಅಂದರೆ ಡಾಕ್ಟರ ಸಲಹೆ ಮೀರಿ ನಾವೇ ಕರೆದುಕೊಂಡು ಹೋಗುತ್ತಿದ್ದೇವೆ ಅನ್ನುವ ಪತ್ರ. ತಾಯಿ ಹೆಬ್ಬೆಟ್ಟು ಒತ್ತಿದರು. ಬೆರಳಿನ ನೀಲಿ ಇಂಕನ್ನು ಮಗನ ಬೆಡ್‌ಶೀಟಿಗೆ ತಾಗಬಾರದು ಅಂತ ಸೆರಗಿಗೆ ಒರೆಸಿಕೊಂಡರು. ಆಂಬುಲೆನ್ಸಿಗೆ ಹತ್ತಿಸುವವರೆಗೆ ನಾನು ಕೈಯಿಂದ ಉಸಿರು ಕೊಡುವ ಆಂಬು ಬ್ಯಾಗ್ ಒತ್ತುತ್ತಾ ಹೋದೆ. ಆ ಹುಡುಗ ಉಳಿಯುತ್ತಿದ್ದನೋ ಇಲ್ಲವೋ, ಅವನಿಗೆ ಎರಡನೇ ವಾರವಂತೂ ಸಿಗಲಿಲ್ಲ.

ವೆಂಟಿಲೇಟರ್ ಹಾಕಿದರೆ ಮುಗೀತು, ಸುಮ್ನೆ ದುಡ್ಡಿಗೆ ಇಟ್ಟುಕೊಳ್ಳುತ್ತಾರೆ ಅನ್ನುವ ಮಾತು ನಮ್ಮ ಬಾಗಿಲಲ್ಲಿ ದಿನಾ ಕೇಳುತ್ತೇವೆ. ಆ ಅನುಮಾನಕ್ಕೆ ಕಾರಣಗಳೂ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಒಳಗೆ ಏನು ನಡೆಯುತ್ತದೆ ಅಂತಲೂ ಜನರಿಗೆ ತಿಳಿಯಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ, ಇಲ್ಲದಿದ್ದರೆ ಬೆನ್ನು, ಹಿಮ್ಮಡಿ ಹುಣ್ಣಾಗುತ್ತವೆ. ಬಾಯಿ ತೊಳೆಯುತ್ತೇವೆ. ತಲೆಯ ಕಡೆ 30 ಡಿಗ್ರಿ ಎತ್ತರಿಸುತ್ತೇವೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯದಿರಲಿ ಅಂತ. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವ ಮುಂಚೆ ಕೈ ತೊಳೆಯುತ್ತೇವೆ. ಎರಡನೇ ವಾರದಲ್ಲಿ ಜೀವ ಉಳಿಸುವುದು ಹೆಚ್ಚಾಗಿ ಇಂಥವೇ. ವೆಂಟಿಲೇಟರ್ ಮೇಲಿರುವ ಒಬ್ಬರಿಗೆ ಒಬ್ಬ ನರ್ಸ್ ಇರಬೇಕು. ನಾನು ನೈಟ್ ಡ್ಯೂಟಿಯಲ್ಲಿ ನಾಲ್ವರನ್ನು ನೋಡಿದ ದಿನಗಳಿವೆ. ನಾಲ್ಕನೆಯವರ ಮಗ್ಗುಲು ಬದಲಿಸುವಷ್ಟರಲ್ಲಿ ಮೊದಲನೆಯವರಿಗೆ ಎರಡು ಗಂಟೆ ದಾಟಿರುತ್ತದೆ.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ನಮ್ಮ ರಾಜ್ಯ ಈ ವಿಷಯದಲ್ಲಿ ಮೊದಲೇ ಎದ್ದುನಿಂತಿದೆ. 2016ರಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ, ಸಾಯುವ ಹೊತ್ತಲ್ಲೂ ಅಂಗಾಂಗ ದಾನ ಮಾಡಿ ಎಂದ ಗುಬ್ಬಿ ಕಡೆಯ ಹರೀಶ್ ಅವರ ಹೆಸರಲ್ಲೇ ಸಾಂತ್ವನ ಯೋಜನೆ ಬಂತು. ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ. ಆಗ ಅದೇ ದೊಡ್ಡ ಹೆಜ್ಜೆ. 48 ಗಂಟೆ ಈಗ 7 ದಿನ ಆಗಿದೆ. ಎಲ್ಲರಿಗೂ ಇದಕ್ಕಿಂತ ಜಾಸ್ತಿ ಬೇಕು ಅಂತ ನಾನು ಕೇಳುತ್ತಿಲ್ಲ. ಕೈ ಮುರಿದವರಿಗೆ, ಹೊಲಿಗೆ ಹಾಕಿಸಿಕೊಂಡವರಿಗೆ 7 ದಿನ ಧಾರಾಳ. ಆದರೆ ಏಳನೇ ದಿನವೂ ವೆಂಟಿಲೇಟರ್ ಮೇಲಿದ್ದರೆ, ಐಸಿಯು ಡಾಕ್ಟರು ಬರೆದುಕೊಟ್ಟರೆ, ಅವಧಿ ಮುಂದುವರಿಯಲಿ. ಒಂದೂವರೆ ಲಕ್ಷದ ಮಿತಿಯೂ ಇಂಥವರಿಗೆ ಏರಲಿ. ಕೇಂದ್ರ ಒಪ್ಪುವವರೆಗೆ ರಾಜ್ಯವೇ ಎಂಟನೇ ದಿನದಿಂದ ವಹಿಸಿಕೊಳ್ಳಲಿ, ಕಾರ್ಡಿನ ಬಣ್ಣ ನೋಡದೆ. ಫೈಲು ಆಸ್ಪತ್ರೆಯ ಒಳಗಿಂದಲೇ ಮುಂದೆ ಹೋಗಲಿ, ಮನೆಯವರು ಜೆರಾಕ್ಸ್ ಅಂಗಡಿಗೆ ಓಡುವುದು ತಪ್ಪಲಿ. ಜಿಲ್ಲಾ ಆಸ್ಪತ್ರೆಗಳಿಗೆ ಹೊಸ ವೆಂಟಿಲೇಟರ್ ಕಳಿಸುವಾಗ ಅದರ ಜೊತೆ ನರ್ಸ್ ಹುದ್ದೆಗಳನ್ನೂ ಮಂಜೂರು ಮಾಡಲಿ.

ಕಬ್ಬಿನ ಟ್ರ್ಯಾಕ್ಟರ್‌ಗೆ ಗುದ್ದಿದ ಹುಡುಗ ಹತ್ತೊಂಬತ್ತನೇ ದಿನ ವೆಂಟಿಲೇಟರ್‌ನಿಂದ ಹೊರಬಂದ. ಗಂಟಲಲ್ಲಿ ತೂತು ಇದ್ದದ್ದರಿಂದ ದನಿ ಇರಲಿಲ್ಲ, ತುಟಿ ಮಾತ್ರ ಆಡಿಸಿದ. ‘ನೀರು’ ಅಂತ ನಮಗೆಲ್ಲ ಅರ್ಥವಾಯಿತು. ಮೂವತ್ತೊಂದನೇ ದಿನ ಮನೆಗೆ ಹೋದ. ಮೊನ್ನೆ ಚೆಕಪ್ಪಿಗೆ ಬಂದಿದ್ದ, ಕೋಲು ಹಿಡಿದು ನಡೆಯುತ್ತಾನೆ. ಸಾಲ ತೀರಿದ ಮೇಲೆ ಒಂದು ಹಸು ತರಬೇಕು ಅಂತ ಅಣ್ಣ ಹೇಳಿದರು.

ಒಬ್ಬ ಐಸಿಯು ನರ್ಸ್, ಮೈಸೂರು