ಮೊದಲು ಹತ್ತು ಗುಂಟೆಯ ಕೊಳ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ, ಕುಮಟಾ ತಾಲೂಕಿನ ನಿವಾಸಿಯ ಸಾದರ ನಮಸ್ಕಾರಗಳು.

ಸನ್ಮಾನ್ಯರೇ,

ಸೂಕ್ಷ್ಮ ಪಾಚಿಯನ್ನು ಬೆಳೆಸಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಯೋಜನೆಗಳ ಮಾತು ಈಗ ಹಲವೆಡೆ ಕೇಳಿಬರುತ್ತಿದೆ. ಬಿಸಿಲು, ಉಪ್ಪುನೀರು, ಪಾಳುಬಿದ್ದ ಸೀಗಡಿ ಕೆರೆಗಳು ಮೂರೂ ಇರುವ ನಮ್ಮ ಕರಾವಳಿಗೆ ಅಂಥದೊಂದು ಪ್ರಸ್ತಾವ ಇಂದಲ್ಲ ನಾಳೆ ಬಂದೀತು. ಅದು ತಮ್ಮ ಮುಂದೆ ಬರುವ ಮೊದಲೇ ನನ್ನದೊಂದು ಮನವಿ: ನೂರಾರು ಎಕರೆಗೆ ಒಪ್ಪಂದ ಮಾಡಿಕೊಳ್ಳುವ ಮುನ್ನ ಸರ್ಕಾರವೇ ಹತ್ತು ಗುಂಟೆಯ ಒಂದು ಪ್ರಾಯೋಗಿಕ ಕೊಳ ಮಾಡಿಸಬೇಕು, ಅದನ್ನು ಒಂದು ಪೂರ್ತಿ ಮಳೆಗಾಲ ದಾಟಿಸಬೇಕು ಮತ್ತು ಅದರ ಲೆಕ್ಕವನ್ನು ಜನರ ಮುಂದಿಡಬೇಕು.

ನಾನು ಹನ್ನೊಂದು ವರ್ಷ ಸೀಗಡಿ ಮರಿ ಮಾಡಿಸುವ ಒಂದು ಹ್ಯಾಚರಿಯಲ್ಲಿ ಪಾಚಿ ಬೆಳೆಸುವ ಕೆಲಸವನ್ನೇ ಮಾಡಿದವನು. ಕಣ್ಣಿಗೆ ಕಾಣದಷ್ಟು ಸಣ್ಣ ಸೀಗಡಿ ಮರಿಗೆ ಮೊದಲ ತುತ್ತು ಕೀಟೋಸೆರೋಸ್ ಎಂಬ ಪಾಚಿ. ಫ್ಲಾಸ್ಕಿನ ತಳದಲ್ಲಿ ಒಂದು ಗುಟುಕಿನಷ್ಟಿರುವ ಕಂದು ನೀರನ್ನು ಕ್ಯಾನಿಗೆ, ಕ್ಯಾನಿನಿಂದ ಟ್ಯಾಂಕಿಗೆ ಏರಿಸುತ್ತ ಹೋದರೆ ವಾರದೊಳಗೆ ಒಂದು ಟ್ಯಾಂಕು ತುಂಬ ಚಹಾ ಬಣ್ಣದ ಬೆಳೆ ಸಿಗುತ್ತದೆ. ಒಂದು ಜೂನ್ ತಿಂಗಳಲ್ಲಿ ಮಳೆ ಹಿಡಿದು ಮೂರು ದಿನ ಸೂರ್ಯನ ಮುಖವೇ ಕಾಣಲಿಲ್ಲ. ಸಂಜೆ ಚೆನ್ನಾಗಿಯೇ ಇದ್ದ ಟ್ಯಾಂಕು ಬೆಳಿಗ್ಗೆ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು; ಅಂಚಿನಲ್ಲಿ ನೊರೆ, ಕೈಯಿಟ್ಟರೆ ಲೋಳೆ, ಕೊಠಡಿಯ ತುಂಬ ಕೊಳೆತ ವಾಸನೆ. 'ಕಲ್ಚರ್ ಬಿತ್ತು', ಅಂದರೆ ಪಾಚಿಯ ಬೆಳೆ ಸತ್ತಿತು, ಎಂದು ನಾವು ಹೇಳುತ್ತಿದ್ದುದು ಇದಕ್ಕೆ. ಹೀಗೆ ಬಿದ್ದ ಪಾಚಿ ಕೊಳೆಯುತ್ತ, ತಾನು ಹಿಡಿದಿದ್ದ ಇಂಗಾಲವನ್ನು ಮತ್ತೆ ಗಾಳಿಗೇ ಬಿಡುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಬೇಸಿಗೆಯ ಫಲವನ್ನು 365 ದಿನಕ್ಕೆ ಗುಣಿಸಿ ತೋರಿಸುವವರನ್ನು ದಯವಿಟ್ಟು ನಂಬಬೇಡಿ.

ಪಾಚಿಯ ಶಕ್ತಿಯ ಬಗ್ಗೆ ನನಗೆ ಕಿಂಚಿತ್ತೂ ಅನುಮಾನವಿಲ್ಲ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡಲಿನ ಸೂಕ್ಷ್ಮಜೀವಿಗಳದೇ. ಒಂದು ಕಿಲೋ ಒಣಪಾಚಿ ಬೆಳೆಯಲು ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್ ಬೇಕು. ತೆರೆದ ಕೊಳದ ಒಂದು ಚದರ ಮೀಟರಿನಲ್ಲಿ ದಿನಕ್ಕೆ ಹತ್ತು ಗ್ರಾಂ ಸಿಕ್ಕಿತೆಂದು ಹಿಡಿದರೆ, ಎಕರೆಗೆ ದಿನಕ್ಕೆ 40 ಕಿಲೋ. ಮಳೆಗಾಲ ಬಿಟ್ಟು 240 ದಿನಕ್ಕೆ ಒಂಬತ್ತೂವರೆ ಟನ್. ಅದು ಹಿಡಿದ ಅನಿಲ ಸುಮಾರು ಹದಿನೇಳು ಟನ್. ಅಘನಾಶಿನಿ ಅಳಿವೆಯ ದಡದ ತದಡಿಗೆ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರುವ ಪ್ರಸ್ತಾವ ಹಿಂದೊಮ್ಮೆ ಇದ್ದುದು ತಮಗೆ ಗೊತ್ತೇ ಇದೆ. ಅಷ್ಟು ದೊಡ್ಡ ಸ್ಥಾವರ ಪೂರ್ಣ ನಡೆದರೆ ವರ್ಷಕ್ಕೆ ಉಗುಳುವುದು ಎರಡು ಕೋಟಿ ಟನ್ನಿಗೂ ಹೆಚ್ಚು. ಅದನ್ನೆಲ್ಲ ಪಾಚಿಯಿಂದ ಹಿಡಿಯಲು ಹನ್ನೊಂದು ಲಕ್ಷ ಎಕರೆಗೂ ಹೆಚ್ಚು ಕೊಳ ಬೇಕು, ಇಡೀ ಜಿಲ್ಲೆಯ ವಿಸ್ತೀರ್ಣವೇ ಸುಮಾರು 25 ಲಕ್ಷ ಎಕರೆ. ಆದ್ದರಿಂದ ಪಾಚಿ ಕೊಳವನ್ನು ಮುಂದಿಟ್ಟುಕೊಂಡು ಯಾವ ಹೊಗೆ ಕಾರ್ಖಾನೆಗೂ ಅನುಮತಿ ಕೊಡಬಾರದು.

ಹಾಗಾದರೆ ಕೊಳ ಯಾಕೆ ಬೇಕು? ಪಾಚಿ ಮೇವೂ ಆಗುತ್ತದೆ, ಕೊಳೆನೀರಿನ ಸಾರಜನಕವನ್ನೂ ಹೀರುತ್ತದೆ. ನಮ್ಮ ತಾರ್ಲೆ ಮೀನು ಮೀನುಪುಡಿಯಾಗಿ ಸೀಗಡಿ ಮೇವಿಗೆ ಹೋಗುವುದನ್ನು ಸ್ವಲ್ಪ ತಪ್ಪಿಸಿದರೂ ಅದು ಮೀನುಗಾರರಿಗೆ ದೊಡ್ಡ ಉಪಕಾರ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ದಶಕಗಳಿಂದ ಸ್ಪಿರುಲಿನಾ ಎಂಬ ಪಾಚಿ ಬೆಳೆಸುವ ವಿಧಾನದ ಮೇಲೆ ಕೆಲಸ ಮಾಡಿದೆ, ಕಾರವಾರದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ತಜ್ಞರಿಗಾಗಿ ದೂರ ಹೋಗಬೇಕಿಲ್ಲ.

ಜಾಗದ ವಿಷಯದಲ್ಲಿ ಮಾತ್ರ, ಕರಾವಳಿಯವನಾಗಿಯೂ, ಕೊಳ ಘಟ್ಟದ ಮೇಲಿರಲಿ ಎಂದು ಕೇಳುತ್ತೇನೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇಕಡಾ 0.04ರಷ್ಟು ಮಾತ್ರ, ಅದನ್ನೇ ನಂಬಿದರೆ ಪಾಚಿ ಹಸಿದೇ ಇರುತ್ತದೆ. ಘಟ್ಟದ ಮೇಲಿನ ಶಿರಸಿಯ ಮನೆಮನೆಯ ಗೋಬರ್ ಗ್ಯಾಸಿನಲ್ಲಿ ಅದೇ ಅನಿಲ ಶೇಕಡಾ 35ರಿಂದ 40ರಷ್ಟಿದೆ, ಜೊತೆಗೆ ಗೊಬ್ಬರದ ಬಗ್ಗಡವೂ ಸಿಗುತ್ತದೆ. ಹತ್ತು ಗುಂಟೆಯ ಕೊಳಕ್ಕೆ ದಿನಕ್ಕೆ ಬೇಕಾದ ಹದಿನೆಂಟು ಕಿಲೋ ಅನಿಲಕ್ಕೆ ನನ್ನ ಅಂದಾಜಿನಂತೆ ಕನಿಷ್ಠ 60-70 ಹಸುಗಳಿರುವ ಒಂದು ಕೊಟ್ಟಿಗೆ ಬೇಕು. ಪಾಚಿಗೆ ಅನಿಲ ಹೀರಿಸಿದರೆ ಉಳಿದ ಗ್ಯಾಸು ಒಲೆಯಲ್ಲಿ ಇನ್ನೂ ಚೆನ್ನಾಗಿ ಉರಿಯುತ್ತದೆ.

ಇನ್ನು ಗಜನಿಗಳನ್ನು, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳನ್ನು, ಮುಟ್ಟಬೇಡಿ. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಲ್ಲಿನ ಬಳಚು ಎಂಬ ಚಿಪ್ಪುಜೀವಿ, ಕಾಂಡ್ಲಾ ಗಿಡಗಳು, ಉಪ್ಪುನೀರು ತಾಳುವ ಕಗ್ಗ ಭತ್ತ ಇವೆಲ್ಲ ಉಬ್ಬರ ಇಳಿತದ ನೀರಿನ ಮೇಲೆ ನಿಂತಿವೆ, ಮತ್ತು ಆ ಬಳಚು ಬದುಕಿರುವುದೇ ಅಳಿವೆಯಲ್ಲಿ ತಾನಾಗಿ ಬೆಳೆಯುವ ಪಾಚಿಯನ್ನು ಸೋಸಿ ತಿಂದು. ಆ ನೀರಿಗೆ ಅಡ್ಡವಾಗಿ ಮತ್ತೊಂದು ಒಡ್ಡು ಹಾಕುವುದು ಬೇಡ. ಕಡಲಿಗೇ ಕಬ್ಬಿಣದ ಲವಣ ಸುರಿದು ಪಾಚಿ ಬೆಳೆಸುವ ಸಲಹೆ ಬಂದರೆ, ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯು ಜರ್ಮನಿಯವರ ಜೊತೆ 2009ರಲ್ಲಿ ದಕ್ಷಿಣ ಸಾಗರದಲ್ಲಿ ನಡೆಸಿದ ಪ್ರಯೋಗದ ಫಲವನ್ನು ತರಿಸಿ ನೋಡಬೇಕು: ಬೆಳೆದ ಪಾಚಿಯನ್ನು ಸಣ್ಣ ಕಡಲಜೀವಿಗಳು ತಿಂದವು, ಆಳಕ್ಕೆ ಇಳಿದ ಇಂಗಾಲ ನಿರೀಕ್ಷೆಗಿಂತ ಬಹಳ ಕಡಿಮೆ.

ಪ್ರಯೋಗದ ಪುಸ್ತಕದಲ್ಲಿ ಒಣಪಾಚಿಯ ತೂಕದ ಪಕ್ಕದಲ್ಲೇ ನೀರು ಕಲಕುವ ಚಕ್ರಕ್ಕೂ ಸೋಸುವ ಯಂತ್ರಕ್ಕೂ ತಗುಲಿದ ಕರೆಂಟಿನ ಯೂನಿಟ್ಟುಗಳನ್ನು ಬರೆಯಿಸಿ. ಲೀಟರಿಗೆ ಅರ್ಧ ಗ್ರಾಂ ಪಾಚಿ ಇರುವ ನೀರಿನಿಂದ ಒಂದು ಕಿಲೋ ತೆಗೆಯಲು ಎರಡು ಸಾವಿರ ಲೀಟರ್ ಸೋಸಬೇಕು, ಹಿಡಿದ ಇಂಗಾಲದ ಲಾಭ ಕರಗುವುದು ಬಹುತೇಕ ಅಲ್ಲೇ. ಕಲ್ಚರ್ ಬಿದ್ದ ದಿನಗಳನ್ನೂ, ಪಾಚಿ ಕೊನೆಗೆ ಯಾರ ಹೊಟ್ಟೆಗೆ ಅಥವಾ ಯಾವ ಮಣ್ಣಿಗೆ ಹೋಯಿತೆಂಬುದನ್ನೂ ಬರೆಯಿಸಿ, ಪ್ರತಿ ತಿಂಗಳು ಪಂಚಾಯತಿಯ ಸೂಚನಾ ಫಲಕದಲ್ಲಿ ಹಚ್ಚಿಸಿ.

ಈ ಅಕ್ಟೋಬರಿನಲ್ಲಿ ಕೊಳ ತುಂಬಿಸಿದರೆ ಮುಂದಿನ ಸೆಪ್ಟೆಂಬರಿನ ಕೊನೆಗೆ ಪೂರ್ತಿ ವರ್ಷದ ಲೆಕ್ಕ ಕೈಗೆ ಸಿಗುತ್ತದೆ. ಮೊದಲ ಕಲ್ಚರ್ ಏರಿಸಲು ಕೆಲಸದವರಿಗೆ ಕಲಿಸುವುದಿದ್ದರೆ ನಾನು ಸಂಬಳವಿಲ್ಲದೆ ಬರುತ್ತೇನೆ.

ತಮ್ಮ ವಿಶ್ವಾಸಿ,
ಹ್ಯಾಚರಿಯೊಂದರ ಮಾಜಿ ಕೆಲಸಗಾರ, ಕುಮಟಾ ತಾಲೂಕು